ಡಬ್ಬಿಯಲ್ಲಿ ಉಳಿದ ಬಿಡಿಭಾಗ ಯಾವ ಕಾರಿನದು?

ಹಳೆಯ ಕಾರನ್ನು ಕೊಳ್ಳುವವರಿಗೆ ಕಾರಿನೊಡನೆ ಸಾಮಾನ್ಯವಾಗಿ ಒಂದು ಬಿಸ್ಕತ್ತಿನ ಡಬ್ಬಿಯೋ ಗೋಣಿಚೀಲವೋ ಉಚಿತವಾಗಿ ಬರುತ್ತದೆ. ಹಿಂದಿನ ಮಾಲೀಕರು ಎಂದೋ ದುರಸ್ತಿಗೆಂದು ಬಿಚ್ಚಿ, ಮತ್ತೆ ಜೋಡಿಸಲಾಗದೆ ಬಿಟ್ಟ ಸಾಮಾನುಗಳೆಲ್ಲ ಅದರಲ್ಲಿರುತ್ತವೆ. ತುಕ್ಕು ಹಿಡಿದ ಬೋಲ್ಟುಗಳು, ಎರಡು ಮೂರು ಸ್ಪ್ರಿಂಗುಗಳು, ಹಿತ್ತಾಳೆಯ ಕೊಳವೆ, ಎಣ್ಣೆಮಣ್ಣು ಮೆತ್ತಿದ ಅಲ್ಯೂಮಿನಿಯಂ ಎರಕದ ತುಂಡು. ‘ಎಲ್ಲವೂ ಈ ಗಾಡಿಯವೇ’ ಎಂದು ಮಾರುವವರು ಭರವಸೆ ಕೊಟ್ಟಿರುತ್ತಾರೆ. ತಿಂಗಳುಗಟ್ಟಲೆ ದುಡಿದು, ಬಣ್ಣ ಬಳಿದು, ಸೀಟಿಗೆ ಹೊಸ ಬಟ್ಟೆ ಹೊಲಿಸಿ ಆದ ಮೇಲೆ ನೋಡಿದರೆ ಡಬ್ಬಿಯ ತಳದಲ್ಲಿ ಹತ್ತಾರು ಭಾಗಗಳು ಉಳಿದಿರುತ್ತವೆ. ಕಾರಿನಲ್ಲಿಯೂ ಅಷ್ಟೇ ತೂತುಗಳು ಖಾಲಿ ಉಳಿದಿರುತ್ತವೆ. ಒಂದು ಮತ್ತೊಂದಕ್ಕೆ ಹೊಂದುವುದಿಲ್ಲ.

ಈ ಅನಾಮಧೇಯ ಭಾಗಗಳನ್ನು ಗುರುತಿಸುವುದು ಹಳೆಯ ಕಾರುಗಳ ಪುನರುಜ್ಜೀವನದಲ್ಲಿ ಬಣ್ಣಕ್ಕಿಂತ, ಕ್ರೋಮ್ ಲೇಪನಕ್ಕಿಂತ ಕಠಿಣವಾದ ಕೆಲಸ. ಎಲ್ಲಿ ಕೂರಬೇಕಾದ ವಸ್ತು ಎಂಬುದು ತಿಳಿಯದೆ ಬಲವಂತವಾಗಿ ಕೂರಿಸಿದರೆ ಎಪ್ಪತ್ತು ವರ್ಷ ಬಾಳಿದ ಎಂಜಿನ್ ಬ್ಲಾಕು ಒಂದೇ ಮಧ್ಯಾಹ್ನದಲ್ಲಿ ಕೆಡಬಹುದು. ತಿಳಿಯಲಿಲ್ಲವೆಂದು ಗುಜರಿಗೆ ಹಾಕಿದರೆ ಮತ್ತೆಂದೂ ಸಿಗದ ವಸ್ತುವೊಂದು ಕರಗಿಹೋಗಬಹುದು.

ಹೆಸರು ಒಂದು, ಒಡಲು ಹಲವು

ಭಾರತದಲ್ಲಿ ಈ ತೊಡಕು ಇನ್ನಷ್ಟು ಗಂಟಾಗಿರುವುದಕ್ಕೆ ಕಾರಣವಿದೆ. 1942ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ಮಾರಿಸ್ ಕಾರುಗಳನ್ನು ಇಲ್ಲಿ ತಯಾರಿಸಿತು. 1944ರಲ್ಲಿ ಹುಟ್ಟಿದ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್ ಕಾರುಗಳನ್ನು ಜೋಡಿಸಿ, ಆಮೇಲೆ ಇಟಲಿಯ ಫಿಯೆಟ್‌ಗೆ ಹೊರಳಿತು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯದು ಟ್ರಯಂಫ್ ಹೆರಾಲ್ಡ್‌ನ ವಂಶ. ಮೂರು ದೇಶಗಳ ಎಂಜಿನಿಯರಿಂಗ್ ಪದ್ಧತಿಗಳು ಒಂದೇ ಗ್ಯಾರೇಜಿನಲ್ಲಿ, ಒಬ್ಬನೇ ಮೆಕ್ಯಾನಿಕ್‌ನ ಕೈಯಲ್ಲಿ ಕೂಡಿದವು. ಆಮದಿನ ಮೇಲೆ ಬಿಗಿಯಾದ ನಿರ್ಬಂಧವಿದ್ದ ದಶಕಗಳಲ್ಲಿ ಮೂಲ ಬಿಡಿಭಾಗ ಸಿಗದಾಗ ಇದ್ದುದನ್ನೇ ಉಜ್ಜಿ, ತೂತು ದೊಡ್ಡದು ಮಾಡಿ ಹೊಂದಿಸುವುದು ಅನಿವಾರ್ಯವಾಗಿತ್ತು. ಆ ಜಾಣ್ಮೆಯನ್ನು ಹಳಿಯುವಂತಿಲ್ಲ. ಅದಿಲ್ಲದಿದ್ದರೆ ಆ ಕಾರುಗಳು ಇಂದಿಗೆ ಉಳಿಯುತ್ತಲೇ ಇರಲಿಲ್ಲ.

ಪರಿಣಾಮವಾಗಿ, ಬಾನೆಟ್ ಮೇಲಿನ ಹೆಸರು ಒಳಗಿರುವುದಕ್ಕೆ ಜಾಮೀನು ನಿಲ್ಲುವುದಿಲ್ಲ. ಅಂಬಾಸಿಡರ್ ಕಾರನ್ನೇ ನೋಡಬಹುದು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಬಂದ ಈ ಕಾರು 2014ರಲ್ಲಿ ಉತ್ತರಪಾಡದ ಕಾರ್ಖಾನೆ ನಿಲ್ಲುವವರೆಗೆ ಹೊರನೋಟದಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಒಳಗೆ ಮಾತ್ರ ಬಿಎಂಸಿಯ 1489 ಸಿಸಿ ಪೆಟ್ರೋಲ್ ಎಂಜಿನ್, ಅಷ್ಟೇ ಸಿಸಿಯ ಡೀಸೆಲ್ ಎಂಜಿನ್, 1990ರ ದಶಕದಲ್ಲಿ ಜಪಾನಿನ ಇಸುಜು ಮೂಲದ 1817 ಸಿಸಿ ಎಂಜಿನ್ ಎಲ್ಲವೂ ಬಂದುಹೋದವು. ಬ್ರಿಟಿಷ್ ಎಂಜಿನ್ನಿನ ಬೋಲ್ಟುಗಳು ಇಂಚಿನ ಲೆಕ್ಕದವು, ಜಪಾನಿನವು ಮಿಲಿಮೀಟರಿನವು. ‘ಅಂಬಾಸಿಡರ್ ಬೋಲ್ಟು ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದರಲ್ಲಿ ಅರ್ಥವೇ ಇಲ್ಲ.

ಅದಕ್ಕೂ ಹಿಂದಿನ ಲ್ಯಾಂಡ್‌ಮಾಸ್ಟರ್‌ನ ಆರಂಭದ ಕಾರುಗಳಲ್ಲಿ ಇದ್ದುದು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್. ಅದರಲ್ಲಿ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲೇ ಇರುವುದರಿಂದ ಪುಶ್ ರಾಡ್ ಆಗಲಿ, ರಾಕರ್ ಆಗಲಿ ಇರುವುದಿಲ್ಲ. ಅಂಬಾಸಿಡರ್ ಬಿಚ್ಚಿ ಪಳಗಿದ ಕೈಗೆ ಲ್ಯಾಂಡ್‌ಮಾಸ್ಟರ್‌ನ ಡಬ್ಬಿ ಕೊಟ್ಟರೆ ಅರ್ಧ ಸಾಮಾನು ಕಳೆದುಹೋಗಿದೆ ಎಂದೇ ಅನಿಸಬಹುದು. ಕಳೆದಿರುವುದಿಲ್ಲ, ಅವು ಆ ಎಂಜಿನ್ನಿನಲ್ಲಿ ಇರಲೇ ಇಲ್ಲ.

ಎಂಟು ಮಿಲಿಮೀಟರಿನ ಒಗಟು

ಅನಾಮಧೇಯ ಭಾಗದ ಗುರುತು ಹಿಡಿಯುವವರು ಮೊದಲು ನೋಡುವುದು ಅದರ ಆಕಾರವನ್ನಲ್ಲ, ಅದರಲ್ಲಿರುವ ಥ್ರೆಡ್ಡನ್ನು. ನಮ್ಮ ಮೆಕ್ಯಾನಿಕ್‌ಗಳು ‘ಮರೆ’ ಎನ್ನುವ ತಿರುಪಿನ ಎಳೆಯೇ ಆ ಭಾಗದ ಜಾತಕ. ಯಾವ ದೇಶದ್ದು, ಹೆಚ್ಚುಕಡಿಮೆ ಯಾವ ಕಾಲದ್ದು ಎಂಬುದನ್ನು ಅದು ಹೇಳಿಬಿಡುತ್ತದೆ.

ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪುಗಳಿಗೆ ಮೊದಲ ಬಾರಿಗೆ ಒಂದು ಏಕರೂಪದ ಅಳತೆಯನ್ನು ಸೂಚಿಸಿದರು. ಎಳೆಗಳ ನಡುವಿನ ಕೋನ 55 ಡಿಗ್ರಿ. ಕಾರುಗಳಿಗೆ ಬೇಕಾದ ಸಣ್ಣ ಎಳೆಯ ರೂಪವನ್ನು ಬಿಎಸ್ಎಫ್ ಎನ್ನುತ್ತಾರೆ. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ದೇಶಗಳು ಒಪ್ಪಿಕೊಂಡ ‘ಯುನಿಫೈಡ್’ ಪದ್ಧತಿಯಲ್ಲಿ ಈ ಕೋನ 60 ಡಿಗ್ರಿಯಾಯಿತು. ಅದರ ಸಣ್ಣ ಎಳೆ ಯುಎನ್ಎಫ್. ಮೆಟ್ರಿಕ್ ಥ್ರೆಡ್ಡಿನ ಕೋನವೂ 60. ಇವುಗಳ ಜೊತೆಗೆ ವಿದ್ಯುತ್ ಉಪಕರಣಗಳ ಸಣ್ಣ ಸ್ಕ್ರೂಗಳಿಗೆಂದೇ ಬಿಎ ಎಂಬ ಬ್ರಿಟಿಷ್ ಪದ್ಧತಿಯಿದ್ದು, ಅದರ ಕೋನ ಯಾವುದಕ್ಕೂ ಹೊಂದದ 47.5 ಡಿಗ್ರಿ. ಒಂದೇ ಬ್ರಿಟಿಷ್ ಕಾರಿನ ಎಂಜಿನ್ನಿನಲ್ಲಿ ಒಂದು, ಡೈನಮೊದಲ್ಲಿ ಇನ್ನೊಂದು ಪದ್ಧತಿಯಿರುವುದು ಸಾಮಾನ್ಯ.

ಹಿಂದೂಸ್ತಾನ್ 10 ಕಾರಿನ ಎಂಜಿನ್ ಈ ಗೊಂದಲಕ್ಕೆ ಕಳಶವಿಟ್ಟಂತಿದೆ. ಈ ಕಾರು ಮಾರಿಸ್ ಟೆನ್ ‘ಎಂ’ ಸರಣಿಯ ಭಾರತೀಯ ಅವತಾರ. ಅದರ 1140 ಸಿಸಿ ಎಂಜಿನ್ ಎಂಜಿ ಸ್ಪೋರ್ಟ್ಸ್ ಕಾರುಗಳ ಪ್ರಸಿದ್ಧ 1250 ಸಿಸಿ ಎಂಜಿನ್ನಿನ ಸೋದರ. ಅಪ್ಪಟ ಇಂಗ್ಲಿಷ್ ಎಂಜಿನ್ ಆದ್ದರಿಂದ ಬೋಲ್ಟುಗಳೂ ಇಂಚಿನವೇ ಇರಬೇಕೆಂದು ಯಾರಾದರೂ ಭಾವಿಸುತ್ತಾರೆ. ವಿಟ್‌ವರ್ತ್ ಸ್ಪ್ಯಾನರ್ ಹಾಕಿದರೆ ಬೋಲ್ಟಿನ ತಲೆಗೆ ಸರಿಯಾಗಿ ಕೂರುತ್ತದೆ, ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಬೋಲ್ಟು ಹಾಳಾಗಿದೆಯೆಂದು ಅದೇ ತಲೆಯ ಇಂಚಿನ ಬೋಲ್ಟು ತಂದು ತಿರುಗಿಸಿದರೆ ಎರಡು ಮೂರು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ.

ಇದರ ಮೂಲ ಒಂದು ಶತಮಾನದ ಹಿಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯುದ್ಧಾನಂತರ ಅದು ಮಾರಿಸ್ ಕಾರುಗಳಿಗೆ ಎಂಜಿನ್ ಪೂರೈಸುತ್ತಿತ್ತು. 1923ರಲ್ಲಿ ವಿಲಿಯಂ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡರು. ಅಲ್ಲಿದ್ದ ಫ್ರೆಂಚ್ ಯಂತ್ರಗಳು ಕೊರೆಯುತ್ತಿದ್ದುದು ಮೆಟ್ರಿಕ್ ಥ್ರೆಡ್ಡನ್ನು. ಯಂತ್ರಗಳನ್ನು ಬದಲಿಸುವ ವೆಚ್ಚವೇಕೆಂದು ಥ್ರೆಡ್ಡನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಇಂಗ್ಲಿಷ್ ಗ್ಯಾರೇಜುಗಳಲ್ಲಿದ್ದ ಸ್ಪ್ಯಾನರುಗಳಿಗೆ ಹೊಂದಲೆಂದು ತಲೆ ಮಾತ್ರ ವಿಟ್‌ವರ್ತ್ ಅಳತೆಯದಾಯಿತು. ಹೀಗೆ ಇಂಗ್ಲಿಷ್ ತಲೆ, ಫ್ರೆಂಚ್ ದೇಹದ ಬೋಲ್ಟುಗಳು ಎರಡನೇ ಮಹಾಯುದ್ಧದ ನಂತರವೂ ತಯಾರಾಗುತ್ತಲೇ ಇದ್ದು, ಹಡಗೇರಿ ಭಾರತಕ್ಕೂ ಬಂದವು.

ಅವನ್ನು ಮೆಟ್ರಿಕ್ ಎಂದು ಗುರುತಿಸಿದ ಮಾತ್ರಕ್ಕೆ ಕಷ್ಟ ಮುಗಿಯುವುದಿಲ್ಲ. ಇಂದು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರ್ ಬೋಲ್ಟಿನ ಎಳೆಗಳ ಅಂತರ 1.25 ಮಿ.ಮೀ. ಆ ಎಂಜಿನ್ನಿನದು 1 ಮಿ.ಮೀ. ಇತ್ತ 5/16 ಇಂಚಿನ ಬೋಲ್ಟಿನ ವ್ಯಾಸ 7.94 ಮಿ.ಮೀ. ಅದು ಬಿಎಸ್ಎಫ್ ಆದರೆ ಇಂಚಿಗೆ 22 ಎಳೆ, ಯುಎನ್ಎಫ್ ಆದರೆ 24. ನಮ್ಮ ಫ್ರೆಂಚ್ ಬೋಲ್ಟಿನ ಲೆಕ್ಕ ಇಂಚಿಗೆ 25.4. ನಾಲ್ಕು ಬೋಲ್ಟುಗಳನ್ನು ಅಂಗೈಯಲ್ಲಿಟ್ಟರೆ ಕಣ್ಣು ವ್ಯತ್ಯಾಸವನ್ನು ಹೇಳಲಾರದು. ನಾಲ್ಕೂ ಒಂದೇ ತೂತಿನಲ್ಲಿ ಒಂದೆರಡು ಸುತ್ತು ತಿರುಗಬಹುದು. ಉದ್ದನೆಯ ಸ್ಪ್ಯಾನರ್ ಹಾಕಿ ಒತ್ತಿದರೆ ಐದನೆಯ ಸುತ್ತಿಗೆ ಎರಕದ ಕಬ್ಬಿಣದ ಎಳೆಗಳು ಪುಡಿಯಾಗಿ ಉದುರುತ್ತವೆ. ‘ಟ್ಯಾಪ್ ಹೊಡೆದು’ ದೊಡ್ಡ ಬೋಲ್ಟು ಹಾಕುವುದೇ ಆಗ ಉಳಿಯುವ ದಾರಿ. ಮುಂದೆ ಆ ಕಾರನ್ನು ಬಿಚ್ಚುವವರಿಗೆ ಹೊಸದೊಂದು ಒಗಟನ್ನು ಬಿಟ್ಟುಹೋದಂತೆ.

ಈ ಅನಾಹುತವನ್ನು ತಪ್ಪಿಸಲು ಬೇಕಾದ ಸಲಕರಣೆಗಳು ಎರಡೇ: ಒಂದು ವರ್ನಿಯರ್ ಕ್ಯಾಲಿಪರ್, ಒಂದು ಥ್ರೆಡ್ ಗೇಜ್. ಗೇಜ್ ಎಂದರೆ ಬಾಚಣಿಗೆಯಂತೆ ಹಲ್ಲುಗಳಿರುವ ಸಣ್ಣ ತಗಡುಗಳ ಕಟ್ಟು. ಎಳೆಗಳ ಮೇಲೆ ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಹಾಯದ ತಗಡೇ ಸರಿಯಾದ ಅಳತೆ. 55 ಡಿಗ್ರಿಯ ಕಟ್ಟು ಬೇರೆ, 60 ಡಿಗ್ರಿಯದು ಬೇರೆ, ಎರಡೂ ಇರಬೇಕು. ಯುನಿಫೈಡ್ ಬೋಲ್ಟುಗಳ ತಲೆಯ ಮೇಲೆ ಒಂದಕ್ಕೊಂದು ತಾಗಿದ ಸಣ್ಣ ವೃತ್ತಗಳ ಗುರುತು ಎಷ್ಟೋ ಬಾರಿ ಇರುತ್ತದೆ. ಅದು ಕಂಡರೆ ಅರ್ಧ ಕೆಲಸ ಮುಗಿಯಿತು.

ಸಂಖ್ಯೆಗಳ ಮಾತು

ಎಣ್ಣೆಮಣ್ಣನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ತೊಳೆದ ಮೇಲೆ ಬಹುತೇಕ ಭಾಗಗಳ ಮೇಲೆ ಏನಾದರೊಂದು ಅಕ್ಷರವೋ ಅಂಕಿಯೋ ಕಾಣಿಸುತ್ತದೆ. ತಂತಿಯ ಬ್ರಷ್ ಹಾಕಿ ಉಜ್ಜುವವರು ಆ ಸಾಕ್ಷ್ಯವನ್ನೇ ಅಳಿಸುತ್ತಾರೆ.

ಅಂಕಿ ಕಂಡೊಡನೆ ಸಂಭ್ರಮಿಸುವಂತೆಯೂ ಇಲ್ಲ. ಎರಕದಲ್ಲಿ ಉಬ್ಬಿ ನಿಂತ ಸಂಖ್ಯೆ ಸಾಮಾನ್ಯವಾಗಿ ಎರಕದ ಅಚ್ಚಿನದು. ಒಂದೇ ಅಚ್ಚಿನಿಂದ ತೆಗೆದ ತುಂಡನ್ನು ಬೇರೆ ಬೇರೆ ರೀತಿ ಕೊರೆದು ಎರಡು ಮೂರು ಮಾದರಿಗಳಿಗೆ ಬಳಸಿರುವುದುಂಟು. ಬಿಡಿಭಾಗಗಳ ಪುಸ್ತಕದಲ್ಲಿ ಆ ಸಂಖ್ಯೆಯನ್ನು ಹುಡುಕಿದರೆ ಸಿಗುವುದೇ ಇಲ್ಲ, ಏಕೆಂದರೆ ಪುಸ್ತಕದಲ್ಲಿರುವುದು ಸಿದ್ಧವಾದ ಭಾಗದ ಸಂಖ್ಯೆ. ಆದರೂ ಅಚ್ಚಿನ ಸಂಖ್ಯೆ ವಂಶವನ್ನು ಹೇಳುತ್ತದೆ. ಬಿಎಂಸಿಯ ‘ಬಿ’ ಸರಣಿಯ ಎಂಜಿನ್ನಿನ ಸಿಲಿಂಡರ್ ಹೆಡ್ಡುಗಳ ಮೇಲೆ ‘12ಎಚ್’ ಎಂದು ಆರಂಭವಾಗುವ ಸಂಖ್ಯೆಗಳು ಕಾಣುತ್ತವೆ. ಅಂಬಾಸಿಡರ್ ಎಂಜಿನ್ನಿನ ಬಂಧುಬಳಗವೂ ಅದೇ. ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರಿಗೆ ‘ಸ್ಟ್ಯಾನ್‌ಪಾರ್ಟ್’ ಎಂಬ ಉಬ್ಬಕ್ಷರ ಪರಿಚಿತ. ಅದು ಯಾವ ಮಾದರಿಯ ಹೆಸರೂ ಅಲ್ಲ. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯ ಎಲ್ಲ ಬಿಡಿಭಾಗಗಳ ಸಾಮಾನ್ಯ ಮುದ್ರೆ.

ಲೂಕಾಸ್ ಕಂಪನಿಯ ಡೈನಮೊ, ಡಿಸ್ಟ್ರಿಬ್ಯೂಟರ್, ಸ್ಟಾರ್ಟರುಗಳು ಈ ವಿಷಯದಲ್ಲಿ ಬಹಳ ಉಪಕಾರಿ. ಮಾದರಿಯ ಹೆಸರು, ಭಾಗದ ಸಂಖ್ಯೆಗಳ ಜೊತೆಗೆ ತಯಾರಾದ ಕಾಲವನ್ನೂ ಅವುಗಳ ಮೈಮೇಲೆ ಒತ್ತಿರುತ್ತಾರೆ. ‘7 56’ ಎಂದಿದ್ದರೆ 1956ರ ಜುಲೈ ಎಂದು ಓದಬಹುದು. ಮೊದಲ ಅಂಕಿ 12ಕ್ಕಿಂತ ಹೆಚ್ಚಿದ್ದರೆ ಅದು ತಿಂಗಳಲ್ಲ, ವಾರ. ಕಾರಿನ ನೋಂದಣಿಗಿಂತ ಕೆಲವು ತಿಂಗಳು ಹಿಂದಿನ ದಿನಾಂಕವಿದ್ದರೆ ಆ ಭಾಗ ಕಾರಿನೊಂದಿಗೇ ಹುಟ್ಟಿರುವ ಸಂಭವ ಹೆಚ್ಚು. ನಂತರದ್ದಾದರೆ ಬದಲಿ ಹಾಕಿದ್ದು ಖಚಿತ. ಭಾರತದಲ್ಲಿ ಇನ್ನೊಂದು ಸುಳಿವೂ ಇದೆ. ಮದರಾಸಿನಲ್ಲಿ ಲೂಕಾಸ್-ಟಿವಿಎಸ್ ಸ್ಥಾಪನೆಯಾದದ್ದು 1961ರಲ್ಲಿ. ಆ ಹೆಸರಿರುವ ಡೈನಮೊ 1955ರ ಕಾರಿನ ಮೂಲ ಭಾಗವಾಗಿರಲು ಸಾಧ್ಯವಿಲ್ಲ.

ಇಂತಹುದೇ ಸುಳಿವು ಬೆಂಗಳೂರಿನಿಂದಲೂ ಸಿಗುತ್ತದೆ. 1951ರಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೊ ಕಂಪನಿಯ ಮುದ್ರೆ ಇರುವ ಇಂಜೆಕ್ಷನ್ ಪಂಪಿನ ತುಂಡೊಂದು ಅಮೆರಿಕನ್ ಕಾರಿನ ಡಬ್ಬಿಯಲ್ಲಿ ಕಂಡರೆ ಹೆಚ್ಚು ಯೋಚಿಸಬೇಕಿಲ್ಲ. ಆ ಕಾರು ಒಂದು ಕಾಲದಲ್ಲಿ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಹೊತ್ತು ಓಡಿದೆ. ಇಂಧನ ಉಳಿಸಲು ದೊಡ್ಡ ಕಾರುಗಳಿಗೆ ಹಾಗೆ ಮಾಡುವ ಕಾಲವೊಂದಿತ್ತು. ಡಬ್ಬಿಯಲ್ಲಿರುವ ಗುರುತು ಸಿಗದ ಬ್ರಾಕೆಟ್ಟುಗಳೆಲ್ಲ ಆ ಡೀಸೆಲ್ ಎಂಜಿನ್ನನ್ನು ಕೂರಿಸಲು ಸ್ಥಳೀಯವಾಗಿ ಬೆಸುಗೆ ಹಾಕಿಸಿದವಾಗಿರಬಹುದು. ಯಾವ ಕಂಪನಿಯ ಪುಸ್ತಕದಲ್ಲಿಯೂ ಅವುಗಳ ಚಿತ್ರ ಸಿಗುವುದಿಲ್ಲ.

ಎಲ್ಲಕ್ಕಿಂತ ಸುಲಭವಾದದ್ದು ಬೇರಿಂಗ್. ಅದರ ಅಂಚಿನಲ್ಲಿ 6205 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದಾಗ ಬರುವ 25 ಮಿ.ಮೀ. ಅದರ ಒಳವ್ಯಾಸ. ಈ ಸಂಖ್ಯೆ ಪ್ರಪಂಚದಾದ್ಯಂತ ಒಂದೇ. ಸತ್ತುಹೋದ ಕಾರು ಕಂಪನಿಯ ಹೆಸರು ಹೇಳಿಕೊಂಡು ಅಲೆಯುವ ಬದಲು ಬೇರಿಂಗ್ ಅಂಗಡಿಯಲ್ಲಿ ಸಂಖ್ಯೆ ಹೇಳಿದರೆ ಅಂದೇ ಸಿಗಬಹುದು. ಗೇರು ಚಕ್ರಗಳಿಗೆ ಹಲ್ಲು ಎಣಿಸಬೇಕು. ಹಿಂಬದಿ ಆಕ್ಸಲ್‌ನ ದೊಡ್ಡ ಚಕ್ರದಲ್ಲಿ 41, ಸಣ್ಣದರಲ್ಲಿ 9 ಹಲ್ಲುಗಳಿದ್ದರೆ ಅನುಪಾತ 4.55. ಅದೇ 43 ಮತ್ತು 10 ಇದ್ದರೆ 4.3. ಇವೆರಡೂ ಬಿಎಂಸಿಯ ಒಂದೇ ಆಕ್ಸಲ್ ಕುಟುಂಬದಲ್ಲಿದ್ದವು. ಒಂದರ ದೊಡ್ಡ ಚಕ್ರವನ್ನು ಇನ್ನೊಂದರ ಸಣ್ಣ ಚಕ್ರದೊಡನೆ ಜೋಡಿಸಲು ಹೊರಟರೆ ಗೋಳು ತಪ್ಪಿದ್ದಲ್ಲ.

ಸ್ಮಿತ್ಸ್ ಕಂಪನಿಯ ಹಳೆಯ ವೇಗಮಾಪಕಗಳ ಮುಖದ ಮೇಲೆ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಒಂದು ಸಂಖ್ಯೆ ಇರುತ್ತದೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂಬುದು ಅದರ ಅರ್ಥ. 1,000 ಎಂದು ಬರೆದ ಮೀಟರನ್ನು ಮೈಲಿಗೆ 1,250 ಸುತ್ತು ತಿರುಗುವ ಕೇಬಲ್ಲಿಗೆ ಸಿಕ್ಕಿಸಿದರೆ ಕಾರು 40 ಮೈಲಿ ವೇಗದಲ್ಲಿರುವಾಗ ಮುಳ್ಳು 50 ತೋರಿಸುತ್ತದೆ. ಉಲ್ಟಾ ಆದರೆ ಅಪಾಯ ಹೆಚ್ಚು.

ಸವೆದ ಜಾಗವೇ ಸಾಕ್ಷಿ

ಅಕ್ಷರ, ಅಂಕಿ ಯಾವುದೂ ಇಲ್ಲದ ಭಾಗಗಳ ವಿಷಯದಲ್ಲಿ ಪತ್ತೇದಾರಿಕೆಯೇ ಗತಿ. ಅಯಸ್ಕಾಂತ ಹಿಡಿದರೆ ಉಕ್ಕೋ ಹಿತ್ತಾಳೆಯೋ ತಿಳಿಯುತ್ತದೆ. ವಾಷರ್ ಕೂತಿದ್ದ ಕಡೆ ಉಂಗುರದಂತೆ ಹೊಳೆಯುವ ಗುರುತಿದ್ದರೆ ಅಲ್ಲಿ ಬೋಲ್ಟು ಬಿಗಿದಿತ್ತು. ತೂತು ಒಂದೇ ಕಡೆಗೆ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಭಾರ ಆ ದಿಕ್ಕಿನಿಂದ ಬೀಳುತ್ತಿತ್ತು. ಒಂದು ಬದಿ ಎಣ್ಣೆಯಿಂದ ಕಪ್ಪಾಗಿ, ಇನ್ನೊಂದು ಬದಿ ತುಕ್ಕು ಹಿಡಿದಿದ್ದರೆ ಒಳಗು ಹೊರಗುಗಳು ತಿಳಿದಂತೆ. ಬಣ್ಣದ ಪದರಗಳೂ ಮಾತನಾಡುತ್ತವೆ. ಕಾರಿನ ಮೂಲ ಬಣ್ಣ ಬೂದಿಯಾಗಿದ್ದು, ಬ್ರಾಕೆಟ್ಟಿನ ಕೆಳಪದರದಲ್ಲಿ ಹಸಿರು ಕಂಡರೆ ಅದು ಇನ್ನೊಂದು ಕಾರಿನಿಂದ ಬಂದದ್ದು.

ಎಡ-ಬಲದ ಪ್ರಶ್ನೆಯೂ ಸಣ್ಣದಲ್ಲ. ಡಾಡ್ಜ್, ಪ್ಲಿಮತ್, ಡಿಸೋಟೊ ಮೊದಲಾದ ಕ್ರೈಸ್ಲರ್ ಕುಟುಂಬದ ಹಳೆಯ ಕಾರುಗಳಲ್ಲಿ ಎಡಬದಿಯ ಚಕ್ರಗಳ ಬೋಲ್ಟುಗಳಿಗೆ ಎಡಮುಖದ ಥ್ರೆಡ್ ಇರುತ್ತದೆ. ಚಕ್ರ ಮುಂದಕ್ಕೆ ತಿರುಗುವಾಗ ಬೋಲ್ಟು ಸಡಿಲವಾಗದಿರಲೆಂಬುದು ಆ ಕಾಲದ ತರ್ಕ. ಬೋಲ್ಟಿನ ಮೇಲೆ ಇಂಗ್ಲಿಷಿನ ‘ಎಲ್’ ಅಕ್ಷರವನ್ನು ಒತ್ತಿರುತ್ತಾರೆ. ತುಕ್ಕಿನಡಿ ಅದು ಕಾಣದೆ, ಬಿಚ್ಚುತ್ತಿದ್ದೇನೆಂದು ಭಾವಿಸಿ ಇನ್ನಷ್ಟು ಬಿಗಿದು ಮುರಿದವರ ಸಂಖ್ಯೆ ಸಣ್ಣದಿರಲಾರದು. ಡಬ್ಬಿಯಲ್ಲಿರುವ ಬೋಲ್ಟಿಗೆ ಯಾವ ನಟ್ಟೂ ಹೊಂದುತ್ತಿಲ್ಲವೆಂದಾದರೆ ಮೊದಲು ಎಡಕ್ಕೆ ತಿರುಗಿಸಿ ನೋಡುವುದು ಒಳ್ಳೆಯದು.

ಊಹೆಗೆ ಎಡೆಯಿಲ್ಲದ ಎರಡು ಸ್ಥಳಗಳಿವೆ: ಬ್ರೇಕು ಮತ್ತು ಸ್ಟೀರಿಂಗ್. ಗುರುತು ಖಚಿತವಾಗದ ಬ್ರೇಕ್ ಸಿಲಿಂಡರ್, ಸೀಲು, ಟೈ ರಾಡ್ ತುದಿಗಳನ್ನು ‘ಸರಿಯಾಗಿ ಕೂರುತ್ತದಲ್ಲ’ ಎಂದು ಹಾಕುವಂತಿಲ್ಲ. ಹಳೆಯ ಬ್ರೇಕುಗಳ ನೈಸರ್ಗಿಕ ರಬ್ಬರಿನ ಸೀಲುಗಳು ಎಂಜಿನ್ ಆಯಿಲ್‌ನಂಥ ಖನಿಜ ತೈಲ ತಾಗಿದರೆ ಉಬ್ಬುತ್ತವೆ. ಅಂಥದ್ದನ್ನು ಗುರುತಿಸಿ ಮತ್ತೆ ಬಳಸುವ ಪ್ರಶ್ನೆಯೇ ಇಲ್ಲ, ಅಳತೆ ಬರೆದುಕೊಂಡು ಎಸೆಯುವುದಷ್ಟೆ. ಹಳೆಯ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು, ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಂಭವ ಹೆಚ್ಚು. ಗುರುತು ನೋಡುವ ಆತುರದಲ್ಲಿ ಗಾಳಿ ಊದಿ ಧೂಳೆಬ್ಬಿಸುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಒದ್ದೆ ಮಾಡಿ ಒರೆಸಬೇಕು.

ಕಾಗದದ ಮೇಲಿನ ಮೂಲ

ಈ ಪತ್ತೇದಾರಿಕೆಗೆ ಈಗ ಕಾನೂನಿನ ತೂಕವೂ ಬಂದಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2021ರ ಜುಲೈನಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಿ, ‘ವಿಎ’ ಅಕ್ಷರಗಳಿರುವ ಸಂಖ್ಯೆ ಪಡೆಯಬಹುದು. ಷರತ್ತು ಏನೆಂದರೆ ವಾಹನ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಂದ ಮೇಲೆ ಎಂಜಿನ್ ನಿಜಕ್ಕೂ ಆ ಕಾರಿನದೇ, ಅದರ ಮೇಲಿನ ಸಂಖ್ಯೆ ಆರ್‌ಸಿ ಪುಸ್ತಕದೊಡನೆ ತಾಳೆಯಾಗುತ್ತದೆಯೇ ಎಂಬುದು ಕೊಳ್ಳುವ ಮೊದಲೇ ಬಗೆಹರಿಯಬೇಕಾದ ವಿಷಯ.

ಮಾಹಿತಿಗಾಗಿ ಮೊದಲು ಹಿಡಿಯಬೇಕಾದದ್ದು ಕಂಪನಿಯ ಬಿಡಿಭಾಗಗಳ ಪಟ್ಟಿ. ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಗೆ ದುರಸ್ತಿ ಮಾಡಬೇಕೆಂದು ಹೇಳುತ್ತದೆ. ಬಿಚ್ಚಿ ಹರಡಿದ ಚಿತ್ರಗಳಿರುವ ಪಟ್ಟಿಯಲ್ಲಿ ಮಾತ್ರ ಪ್ರತಿಯೊಂದು ವಾಷರಿಗೂ ಸ್ಥಾನವಿರುತ್ತದೆ. ಭಾರತೀಯ ಮಾದರಿಯ ಪಟ್ಟಿ ಸಿಗದಿದ್ದರೆ ಮೂಲ ಮಾರಿಸ್, ಫಿಯೆಟ್ ಅಥವಾ ಟ್ರಯಂಫ್ ಪಟ್ಟಿಯೇ ಆಧಾರ. ಅದೂ ಸಾಲದಾದಾಗ ಬಿಚ್ಚದೆ ಉಳಿದ ಇನ್ನೊಂದು ಕಾರನ್ನು ಹುಡುಕಿ ಹೋಲಿಸುವುದು ರೂಢಿ. ಹಳೆಯ ಕಾರುಗಳ ದೊಡ್ಡ ಸಂಗ್ರಹವಿರುವ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಕಡೆ ಹೊರಗಣ್ಣಿಗೆ ಕಾಣುವ ಭಾಗಗಳನ್ನಾದರೂ ಹೋಲಿಸಿ ನೋಡಬಹುದು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಮುಂಬಯಿಯ ಚೋರ್ ಬಜಾರುಗಳಲ್ಲಿ ದಶಕಗಳಿಂದ ಕೂತ ಹಿರಿಯರಿಗೆ ಪುಸ್ತಕ ಬೇಕಿಲ್ಲ. ಭಾಗವನ್ನು ಅಂಗೈಯಲ್ಲಿ ತೂಗಿ ನೋಡಿ ಹೆಸರು ಹೇಳುವವರಿದ್ದಾರೆ. ಅವರ ಬಳಿಗೆ ಮೊಬೈಲಿನ ಚಿತ್ರವನ್ನು ಒಯ್ಯುವ ಬದಲು ವಸ್ತುವನ್ನೇ ಒಯ್ಯಬೇಕು. ಹೇಳಿದ ಹೆಸರನ್ನು ಅಲ್ಲಿಯೇ ಬರೆದುಕೊಳ್ಳಬೇಕು; ಆ ತಲೆಮಾರಿನ ನೆನಪನ್ನು ಬೇರೆ ಯಾರೂ ಬರೆದಿಟ್ಟಿಲ್ಲ.

ಇಷ್ಟಾದರೂ ಗುರುತು ಸಿಗದ ಒಂದೆರಡು ಭಾಗಗಳು ಉಳಿಯುತ್ತವೆ. ಅವುಗಳಿಗೆ ತೆಳುವಾಗಿ ಎಣ್ಣೆ ಸವರಿ, ಅಳತೆ, ಥ್ರೆಡ್, ಮೇಲಿರುವ ಅಂಕಿಗಳು, ಎಲ್ಲಿ ಸಿಕ್ಕಿತು ಎಂಬುದನ್ನು ಚೀಟಿಯಲ್ಲಿ ಬರೆದು, ಚೀಟಿಯನ್ನು ತಂತಿಯಿಂದ ಕಟ್ಟಿ ಅದೇ ಡಬ್ಬಿಗೆ ಹಾಕಿಡಬೇಕು. ಕಾರನ್ನು ಮಾರುವ ದಿನ ಬಂದರೆ ಡಬ್ಬಿಯೂ ಕಾರಿನೊಡನೆಯೇ ಹೋಗಬೇಕು.